ಫೋರ್ಕ್‌ಲಿಫ್ಟ್ ಖರ್ಚು: ಐದು ತಪ್ಪು ಕಲ್ಪನೆ, ಐದು ಸತ್ಯ

ಬೀದರ್, ಯಾದಗಿರಿ, ರಾಯಚೂರು ಕಡೆಯಿಂದ ದುಡಿಯಲು ಹೈದರಾಬಾದಿಗೆ ಹೋದವರಲ್ಲಿ ಎಷ್ಟೋ ಮಂದಿ ಪಟಾನ್‌ಚೆರು, ಮೇಡ್ಚಲ್, ಶಂಷಾಬಾದ್ ಸುತ್ತಿನ ಕಾರ್ಖಾನೆ, ಗೋದಾಮುಗಳಲ್ಲಿದ್ದಾರೆ. 2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ ತೆರಿಗೆಗಾಗಿಯೇ ರಾಜ್ಯಕ್ಕೊಂದು ಸಣ್ಣ ಗೋದಾಮು ಇಟ್ಟುಕೊಳ್ಳುವ ಅಗತ್ಯ ಕಡಿಮೆಯಾಯಿತು. 158 ಕಿ.ಮೀ. ಉದ್ದದ ಹೊರವರ್ತುಲ ರಸ್ತೆಯ ಆಚೀಚೆ ದೊಡ್ಡ ಗೋದಾಮುಗಳು ಎದ್ದವು, ರ್ಯಾಕ್‌ಗಳು ಎತ್ತರವಾದವು. ಹಮಾಲರ ಬೆನ್ನ ಮೇಲಿದ್ದ ಭಾರ ಫೋರ್ಕ್‌ಲಿಫ್ಟಿಗೆ ಬಂತು. ಆದರೆ ಈ ಗಾಡಿಗಳನ್ನು ಸಾಕುವ ಬಗ್ಗೆ ಇರುವ ನಂಬಿಕೆಗಳಲ್ಲಿ ಹಲವು ತಪ್ಪು. ಗಾಡಿ ಕೊಳ್ಳುವಾಗ ಸಾವಿರ ರೂಪಾಯಿಗೆ ಚೌಕಾಸಿ ಮಾಡುವವರೇ ಈ ನಂಬಿಕೆಗಳಿಂದ ವರ್ಷಕ್ಕೆ ಲಕ್ಷಗಟ್ಟಲೆ ಕಳೆದುಕೊಳ್ಳುತ್ತಾರೆ.

ತಪ್ಪು ಕಲ್ಪನೆ 1: ಲೋಡಿಂಗ್ ತಡವಾಗುತ್ತಿದೆ, ಅಂದರೆ ಗಾಡಿ ಸಾಲುತ್ತಿಲ್ಲ.

ಸತ್ಯ: ಹೊಸ ಗಾಡಿಗೆ ಆರ್ಡರ್ ಕೊಡುವ ಮೊದಲು ಹಳೆಯ ಗಾಡಿಗಳ ಅವರ್ ಮೀಟರ್ ನೋಡಿ. ತಿಂಗಳ ಕೊನೆಯ ರೀಡಿಂಗಿನಿಂದ ಮೊದಲ ದಿನದ್ದನ್ನು ಕಳೆದರೆ ಗಾಡಿ ದುಡಿದ ಗಂಟೆ ಸಿಗುತ್ತದೆ. ದಿನಕ್ಕೆ ಎರಡು ಪಾಳಿ, ತಿಂಗಳಿಗೆ 26 ದಿನ ಎಂದರೆ ಕೈಯಲ್ಲಿರುವುದು 416 ಗಂಟೆ. ಮೀಟರ್ 150 ತೋರಿಸಿದರೆ ಗಾಡಿ ದುಡಿದದ್ದಕ್ಕಿಂತ ನಿಂತದ್ದೇ ಹೆಚ್ಚು.

ಹಾಗಾದರೆ ತಡವೇಕೆ? ಹೈದರಾಬಾದ್ ನಗರದೊಳಗೆ ಹಗಲು ಭಾರೀ ಲಾರಿಗಳಿಗೆ ನಿರ್ಬಂಧವಿದೆ. ನಗರಕ್ಕೆ ಮಾಲು ಒಯ್ಯುವ ಲಾರಿಗಳು ಸಂಜೆ ಒಮ್ಮೆಲೇ ಬಂದು ಸಾಲುಗಟ್ಟುತ್ತವೆ. ಬೆಳಿಗ್ಗೆ ಖಾಲಿ ನಿಂತ ಗಾಡಿಗೆ ಆಗ ಪುರಸೊತ್ತೇ ಇರುವುದಿಲ್ಲ. ಲಾರಿಗಳಿಗೆ ಸಮಯ ಹಂಚಿ, ಸಂಜೆ ಹೋಗಬೇಕಾದ ಪ್ಯಾಲೆಟ್‌ಗಳನ್ನು ಮಧ್ಯಾಹ್ನವೇ ಡಾಕ್ ಬಳಿ ತಂದಿಟ್ಟರೆ ಇದ್ದ ಗಾಡಿಗಳೇ ಸಾಕಾಗಬಹುದು. ದಸರಾ–ದೀಪಾವಳಿ ಭರಾಟೆಗೆ ಬಾಡಿಗೆ ಗಾಡಿ ತನ್ನಿ. ಎರಡು ತಿಂಗಳ ಅಗತ್ಯಕ್ಕೆ ಹತ್ತು ವರ್ಷದ ಆಸ್ತಿ ಬೇಡ.

ತಪ್ಪು ಕಲ್ಪನೆ 2: ಡೀಸೆಲ್ ಗಾಡಿಯೇ ಅಗ್ಗ.

ಸತ್ಯ: ಕೊಳ್ಳುವಾಗ ಅಗ್ಗ, ಓಡಿಸುವಾಗ ಅಲ್ಲ. ಒಂದು ಗಾಡಿ ಗಂಟೆಗೆ ಎರಡೂವರೆ ಲೀಟರ್ ಡೀಸೆಲ್ ಕುಡಿಯುತ್ತದೆ, ಲೀಟರಿಗೆ 95 ರೂಪಾಯಿ ಎಂದಿಟ್ಟುಕೊಳ್ಳಿ. ಗಂಟೆಗೆ ಸುಮಾರು 237 ರೂಪಾಯಿ ಆಯಿತು. ಅದೇ ಕೆಲಸಕ್ಕೆ ಬ್ಯಾಟರಿ ಗಾಡಿ 7 ಯೂನಿಟ್ ಬಳಸಿ, ಯೂನಿಟ್ಟಿಗೆ 8 ರೂಪಾಯಿ ಬಿದ್ದರೆ 56 ರೂಪಾಯಿ. ವರ್ಷಕ್ಕೆ 1,500 ಗಂಟೆಯ ಲೆಕ್ಕದಲ್ಲಿ ವ್ಯತ್ಯಾಸ ಎರಡೂಮುಕ್ಕಾಲು ಲಕ್ಷದ ಹತ್ತಿರ. ಇದರಲ್ಲಿ ಬ್ಯಾಟರಿ ಬದಲಿಸುವ ಖರ್ಚಿಗೆ ಒಂದು ಪಾಲು ತೆಗೆದಿಡಲೇಬೇಕು. ನಿಮ್ಮ ಗಾಡಿಯ ನಿಜವಾದ ಅಂಕಿ ಹಾಕಿ ಇದೇ ಲೆಕ್ಕ ಮಾಡಿ ನೋಡಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಎಚ್‌ಟಿ ಕೈಗಾರಿಕಾ ಸಂಪರ್ಕಕ್ಕೆ ತೆಲಂಗಾಣದಲ್ಲಿ ರಿಯಾಯಿತಿ ದರವಿದೆ. ಚಾರ್ಜಿಂಗ್ ಆ ಹೊತ್ತಿಗೇ ಇರಲಿ.

ಹೊರಗಿನ ಒರಟು ಅಂಗಳ, ಮಳೆ, ಏರು ಇರುವಲ್ಲಿ ಡೀಸೆಲ್ ಗಾಡಿಗೆ ಈಗಲೂ ಜಾಗವಿದೆ. ಔಷಧ, ಆಹಾರ ಇಡುವ ಮುಚ್ಚಿದ ಗೋದಾಮಿಗೆ ಮಾತ್ರ ಅದರ ಮಸಿಯೂ ಬೇಡ, ಕಾರ್ಬನ್ ಮೊನಾಕ್ಸೈಡೂ ಬೇಡ.

ತಪ್ಪು ಕಲ್ಪನೆ 3: ಬಿಡುವು ಸಿಕ್ಕಾಗಲೆಲ್ಲ ಚಾರ್ಜಿಗೆ ಹಾಕಿದರೆ ಬ್ಯಾಟರಿ ಬಾಳುತ್ತದೆ.

ಸತ್ಯ: ಹೆಚ್ಚು ದುಡ್ಡು ಪೋಲಾಗುವುದು ಇಲ್ಲಿಯೇ. ಲಿಥಿಯಂ ಬ್ಯಾಟರಿಗೆ ಚಹಾ ವಿರಾಮದ ಚಾರ್ಜಿಂಗ್ ಒಗ್ಗುತ್ತದೆ. ಸಾಮಾನ್ಯ ಲೆಡ್-ಆಸಿಡ್ ಬ್ಯಾಟರಿಗೆ ಒಗ್ಗುವುದಿಲ್ಲ. ಅದು ಸುಮಾರು 80% ಖಾಲಿಯಾಗುವವರೆಗೆ ದುಡಿಯಬೇಕು, ಆಮೇಲೆ ಎಂಟು ಗಂಟೆ ನಿರಂತರ ಚಾರ್ಜ್ ಆಗಬೇಕು, ನಂತರ ತಣಿಯಬೇಕು. ಚೆನ್ನಾಗಿ ನೋಡಿಕೊಂಡರೂ ಅದರ ಆಯುಷ್ಯ 1,500 ಚಾರ್ಜಿನ ಆಸುಪಾಸು. ಅರ್ಧ ಗಂಟೆಗೊಮ್ಮೆ ಪ್ಲಗ್ ಚುಚ್ಚಿದರೆ ಆ ಆಯುಷ್ಯ ಬೇಗ ಕರಗುತ್ತದೆ. ಬಿಸಿಯೂ ಅದಕ್ಕೆ ಶತ್ರು: 25 ಡಿಗ್ರಿಯ ಮೇಲೆ ಪ್ರತಿ 10 ಡಿಗ್ರಿಗೆ ಆಯುಷ್ಯ ಹೆಚ್ಚುಕಡಿಮೆ ಅರ್ಧವಾಗುತ್ತದೆ ಎಂಬುದು ಈ ಕ್ಷೇತ್ರದ ಒಪ್ಪಿತ ಲೆಕ್ಕ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಹೈದರಾಬಾದಿನಲ್ಲಿ ತಗಡಿನ ಸೂರಿನಡಿ ಚಾರ್ಜಿಂಗ್ ಜಾಗ ಮಾಡುವುದೆಂದರೆ ಬ್ಯಾಟರಿಯನ್ನು ಬೇಯಿಸಿದಂತೆಯೇ. ಗಾಳಿ ಆಡುವ ನೆರಳಿನ ಮೂಲೆ ಬೇಕು. ಚಾರ್ಜ್ ಆಗುವಾಗ ಹೈಡ್ರೋಜನ್ ಹೊರಬರುವುದರಿಂದ ಅಲ್ಲಿ ಬೀಡಿ, ಕಿಡಿ ಸುಳಿಯಬಾರದು.

ನೀರು ಹಾಕುವ ಕ್ರಮವನ್ನೂ ಗಮನಿಸಿ. 48 ವೋಲ್ಟ್ ಬ್ಯಾಟರಿಯಲ್ಲಿ 24 ಸೆಲ್‌ಗಳಿರುತ್ತವೆ. ಚಾರ್ಜಿಗೆ ಮೊದಲೇ ಮುಚ್ಚಳ ತೆರೆದು ಭರ್ತಿ ಮಾಡಿದರೆ, ಚಾರ್ಜ್ ಆಗುವಾಗ ಆಸಿಡ್ ಹಿಗ್ಗಿ ಉಕ್ಕುತ್ತದೆ. ಮರುದಿನ ನೋಡಿದರೆ ಟರ್ಮಿನಲ್ ಸುತ್ತ ಬಿಳಿ–ಹಸಿರು ಪುಡಿ, ಕೆಳಗಿನ ಟ್ರೇಗೆ ತುಕ್ಕು. ಪ್ಲೇಟ್ ಕಾಣುತ್ತಿದ್ದರೆ ಅದು ಮುಳುಗುವಷ್ಟು ಮಾತ್ರ ಮೊದಲು ಹಾಕಿ. ಉಳಿದದ್ದನ್ನು ಚಾರ್ಜ್ ಮುಗಿದ ಮೇಲೆ ಗುರುತಿನವರೆಗೆ ತುಂಬಿ. ಡಿಸ್ಟಿಲ್ಡ್ ವಾಟರೇ ಆಗಬೇಕು, ಬೋರ್‌ವೆಲ್ ನೀರು ಬೇಡವೇ ಬೇಡ.

ತಪ್ಪು ಕಲ್ಪನೆ 4: ಕೆಟ್ಟು ನಿಂತ ಮೇಲೆ ರಿಪೇರಿ ಮಾಡಿಸಿದರೆ ದುಡ್ಡು ಉಳಿಯುತ್ತದೆ.

ಸತ್ಯ: ಕೆಟ್ಟ ಗಾಡಿಯ ಬಿಲ್ಲಿನಲ್ಲಿ ಕಾಣದ ಖರ್ಚೇ ದೊಡ್ಡದು: ಕಾಯುವ ಲಾರಿ, ಕೂತ ಕೂಲಿಯವರು, ತಪ್ಪಿದ ಡೆಲಿವರಿ. ಸರ್ವಿಸ್ ಅನ್ನು ತಿಂಗಳಿನಿಂದಲ್ಲ, ದುಡಿದ ಗಂಟೆಯಿಂದ ಎಣಿಸಿ. ಫೋರ್ಕ್‌ನ ಬಾಗಿದ ಬುಡ 10% ಸವೆದರೆ ಎತ್ತುವ ಬಲ ಸುಮಾರು 20% ಇಳಿಯುತ್ತದೆ. ಮಾಸ್ಟ್ ಚೈನ್ 3% ಉದ್ದವಾದರೆ ಬದಲಿಸಲೇಬೇಕು. ಎರಡನ್ನೂ ಅಳೆಯಲು ಕೆಲವೇ ನಿಮಿಷ ಸಾಕು.

ತಪ್ಪು ಕಲ್ಪನೆ 5: ಕಾರು ಓಡಿಸಬಲ್ಲವನು ಇದನ್ನೂ ಓಡಿಸುತ್ತಾನೆ.

ಸತ್ಯ: ಕಾರು ಮುಂದಿನ ಚಕ್ರದಿಂದ ತಿರುಗುತ್ತದೆ, ಫೋರ್ಕ್‌ಲಿಫ್ಟ್ ಹಿಂದಿನದರಿಂದ. ತಿರುವಿನಲ್ಲಿ ಅದರ ಹಿಂಭಾಗ ಹೊರಕ್ಕೆ ಬೀಸುತ್ತದೆ. ರ್ಯಾಕಿನ ಕಾಲು ಮುರಿಯುವುದು, ಪಕ್ಕದಲ್ಲಿ ನಿಂತವನಿಗೆ ಬಡಿಯುವುದು ಹೀಗೆಯೇ. ಗಾಡಿಯ ಪ್ಲೇಟಿನ ಮೇಲಿನ 3 ಟನ್ ಎಂಬ ಮಾತೂ ಷರತ್ತಿನದು: ಭಾರದ ಕೇಂದ್ರ ಫೋರ್ಕ್‌ನ ಬುಡದಿಂದ ಸಾಮಾನ್ಯವಾಗಿ 500 ಮಿ.ಮೀ. ಒಳಗಿರಬೇಕು. ಪ್ಯಾಲೆಟ್ ಉದ್ದವಾದಂತೆ, ಮಾಸ್ಟ್ ಎತ್ತರಕ್ಕೆ ಹೋದಂತೆ ಆ ಬಲ ಕಡಿಮೆಯಾಗುತ್ತದೆ. ಗಾಡಿ ಮಗುಚಿದರೆ ಹೊರಗೆ ಹಾರುವುದು ಸಾವಿಗೆ ದಾರಿ. ಬೆಲ್ಟ್ ಹಾಕಿ, ಸ್ಟೀರಿಂಗ್ ಬಿಗಿಹಿಡಿದು ಒಳಗೇ ಕೂತಿರಬೇಕು. ಇದನ್ನೆಲ್ಲ ಕಲಿಸದೆ ಕೀಲಿ ಕೊಡುವುದು ಉಳಿತಾಯವಲ್ಲ, ಅಪರಾಧ.

ಮಾಲೀಕರಿಗೊಂದು ಮಾತು. ಗಾಡಿಯ ಸದ್ದು ಬದಲಾದದ್ದು, ಚೈನ್ ಸಡಿಲವಾದದ್ದು, ಬ್ಯಾಟರಿ ಬೇಗ ಸೋತದ್ದು ಮೊದಲು ತಿಳಿಯುವುದು ಆಪರೇಟರನಿಗೆ. ಪಾಳಿ ಶುರುವಾಗುವ ಮುನ್ನ ತಪಾಸಣೆಗೆ ಅವನಿಗೆ ಹತ್ತು ನಿಮಿಷ ಕೊಡಿ, ಅವನ ಭಾಷೆಯಲ್ಲೇ ತರಬೇತಿ ಕೊಡಿಸಿ, ದೂರು ಹೇಳಿದರೆ ಗದರಬೇಡಿ. ಖರ್ಚು ಇಳಿಸುವ ಕೆಲಸ ಅಲ್ಲಿಂದಲೇ ಶುರುವಾಗಲಿ.