ಒಂದು ಚೀಲ ಯೂರಿಯಾದ ಲೆಕ್ಕ

ಜೌಗು ಪ್ರದೇಶ ಎಂದರೆ ನಮಗೆ ನೆನಪಾಗುವುದು ರಂಗನತಿಟ್ಟು. 2022ರಲ್ಲಿ ಅದು ಕರ್ನಾಟಕದ ಮೊದಲ ರಾಮ್‌ಸರ್ ತಾಣವಾಯಿತು. ಆದರೆ ರಾಮ್‌ಸರ್ ಒಪ್ಪಂದದ ಪ್ರಕಾರ ನೀರು ನಿಲ್ಲುವ ಭತ್ತದ ಗದ್ದೆಯೂ ಜೌಗು ಪ್ರದೇಶವೇ, ಮನುಷ್ಯ ಮಾಡಿದ್ದು ಅಷ್ಟೆ. ಹಾಗೆ ನೋಡಿದರೆ ನಂಜನಗೂಡಿನ ಹುಲ್ಲಹಳ್ಳಿ ನಾಲೆಯ ಬಯಲಿನಿಂದ ತಿ. ನರಸೀಪುರದ ಸಂಗಮದವರೆಗೆ ನಮ್ಮಲ್ಲಿ ಬಹಳ ಜನ ಜೌಗಿನ ಪಕ್ಕದಲ್ಲೇ ಬೆಳೆದವರು.

ಕಾಮರ್ಸ್ ಓದುವ ನನಗೆ ಈ ವಿಷಯ ಸಿಕ್ಕಿದ್ದು ಮಾಮುವಿನ (ಅಮ್ಮಿಯ ತಮ್ಮ) ಖರ್ಚಿನ ಪುಸ್ತಕದಲ್ಲಿ. ಅವರು ನರಸೀಪುರದ ಹತ್ತಿರ ಎರಡು ಎಕರೆ ಗದ್ದೆ ಗುತ್ತಿಗೆಗೆ ಮಾಡುತ್ತಾರೆ, ಲೆಕ್ಕ ಬರೆಯುವುದು ನಾನು. ಎಕರೆಗೆ ಮೂರು ಚೀಲ ಯೂರಿಯಾ ಹಾಕುತ್ತಾರೆ. ಒಂದು ಚೀಲ 45 ಕೆಜಿ, ಅದರಲ್ಲಿ ಸಾರಜನಕ ಶೇ 46. ಅಂದರೆ ಚೀಲಕ್ಕೆ 20.7 ಕೆಜಿ, ಮೂರಕ್ಕೆ ಸುಮಾರು 62 ಕೆಜಿ. ನೀರಾವರಿ ಭತ್ತಕ್ಕೆ ನಮ್ಮ ಭಾಗದ ಶಿಫಾರಸು ಹೆಕ್ಟೇರಿಗೆ 100 ಕೆಜಿ, ಎಕರೆಗೆ 40. ಎರಡು ಚೀಲ ಸಾಕು. ಅದೂ ಅಲ್ಲದೆ ಗದ್ದೆಗೆ ಹಾಕಿದ ಸಾರಜನಕದಲ್ಲಿ ಪೈರು ಹೀರುವುದು ಸಾಮಾನ್ಯವಾಗಿ ಶೇ 30ರಿಂದ 40 ಮಾತ್ರ. ಉಳಿದದ್ದು ಎಲ್ಲಿಗೆ ಹೋಯಿತು?

ಒಂದು ದೊಡ್ಡ ಪಾಲು ಸೂಕ್ಷ್ಮಜೀವಿಗಳ ಕೈಗೆ. ನೀರು ನಿಂತ ಗದ್ದೆಯಲ್ಲಿ ಮಣ್ಣಿನ ಮೇಲಿನ ಕೆಲವೇ ಮಿಲಿಮೀಟರ್‌ನಲ್ಲಿ ಆಮ್ಲಜನಕ ಇರುತ್ತದೆ, ಕೆಳಗಿನ ಕೆಸರಿನಲ್ಲಿ ಇರುವುದಿಲ್ಲ. ಯೂರಿಯಾ ಬಿದ್ದ ಕೆಲವೇ ದಿನಗಳಲ್ಲಿ ಅಮೋನಿಯ ಆಗುತ್ತದೆ; ಅದರಲ್ಲಿ ಒಂದು ಪಾಲು ಹಾಗೆಯೇ ಗಾಳಿಗೆ ಹಾರಿಹೋಗುತ್ತದೆ. ಮೇಲಿನ ಪದರದ ನೈಟ್ರೊಸೊಮೊನಾಸ್, ನೈಟ್ರೊಬ್ಯಾಕ್ಟರ್‌ನಂಥ ಬ್ಯಾಕ್ಟೀರಿಯಾಗಳು ಉಳಿದ ಅಮೋನಿಯವನ್ನು ನೈಟ್ರೇಟ್ ಮಾಡುತ್ತವೆ. ಅದು ಕೆಳಗಿಳಿದಾಗ ಕೆಸರಿನ ಬ್ಯಾಕ್ಟೀರಿಯಾಗಳು ಆಮ್ಲಜನಕದ ಬದಲು ನೈಟ್ರೇಟನ್ನೇ ಉಸಿರಾಟಕ್ಕೆ ಬಳಸಿ, ಕೊನೆಗೆ ಸಾದಾ ಸಾರಜನಕ ಅನಿಲವಾಗಿ ಗಾಳಿಗೆ ಬಿಡುತ್ತವೆ. ನಂಜು ಉಂಡವನ ಹೆಸರಿನ ಊರು ನಮ್ಮದು. ನದಿಗೆ ಹೋಗಬೇಕಿದ್ದ ನಂಜನ್ನು ನಾಲೆ ಬದಿಯ ಜೊಂಡಿನ ಬುಡದಲ್ಲಿ ಇವು ದಿನವೂ ಉಣ್ಣುತ್ತಿವೆ, ಕೂಲಿ ಇಲ್ಲದೆ.

ಆದರೆ ಇವುಗಳ ಹೊಟ್ಟೆಗೂ ಮಿತಿ ಇದೆ. ನೈಟ್ರೇಟ್ ವಿಪರೀತವಾದರೆ ಕೊನೆಯ ಹೆಜ್ಜೆ ಅರ್ಧಕ್ಕೇ ನಿಲ್ಲುವುದು ಹೆಚ್ಚು. ಆಗ ಹೊರಬರುವುದು ನೈಟ್ರಸ್ ಆಕ್ಸೈಡ್. ತೂಕಕ್ಕೆ ತೂಕ ಹೋಲಿಸಿದರೆ ಇದು ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 270 ಪಟ್ಟು ಹೆಚ್ಚು ಭೂಮಿಯನ್ನು ಬಿಸಿ ಮಾಡುತ್ತದೆ. ಅರಗದ ನೈಟ್ರೇಟ್ ಬಸಿದು ಬಾವಿಗೂ ಹೊಳೆಗೂ ಸೇರುತ್ತದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 45 ಮಿಲಿಗ್ರಾಂ ದಾಟಬಾರದು.

ನನಗೆ ಹೆಚ್ಚು ನಷ್ಟ ಅನ್ನಿಸಿದ್ದು ಇನ್ನೊಂದು. ಗದ್ದೆಯ ನೀಲಿಹಸಿರು ಪಾಚಿ ಗಾಳಿಯ ಸಾರಜನಕವನ್ನು ಹಿಡಿದು ಮಣ್ಣಿಗೆ ಕೊಡುತ್ತದೆ ಎಂದು 1939ರಲ್ಲೇ ಪಿ. ಕೆ. ಡೇ ಎಂಬ ಭಾರತೀಯ ವಿಜ್ಞಾನಿ ತೋರಿಸಿದ್ದರು. ಅಜೋಲಾ ಎಲೆಯೊಳಗೂ ಅಂಥದೇ ಪಾಚಿ ಇದೆ. ಈ ಕೆಲಸಕ್ಕೆ ಅವುಗಳಿಗೆ ಬಹಳ ಶಕ್ತಿ ಬೇಕು. ನೀರಿನಲ್ಲಿ ಯೂರಿಯಾ ಕರಗಿ ಸಿಗುವಾಗ ಅವು ಕಷ್ಟಪಡುವುದಿಲ್ಲ. ಮನೆ ಬಾಗಿಲಿಗೆ ಬಿಟ್ಟಿ ಹಾಲು ಬಂದರೆ ಹಸು ಸಾಕುವವರು ಯಾರು? ಮಣ್ಣು ತಾನೇ ಕೊಡುತ್ತಿದ್ದದ್ದು ನಿಂತಷ್ಟೂ ನಾವು ಅಂಗಡಿಯಿಂದ ತರಬೇಕು.

ಯೂರಿಯಾ ಚೀಲದ ಮೇಲೆ ‘ಬೇವು ಲೇಪಿತ’ ಎಂದಿರುತ್ತದಲ್ಲ, ಅದೂ ಈ ಜೀವಿಗಳಿಗಾಗಿಯೇ. ಬೇವಿನೆಣ್ಣೆ ನೈಟ್ರೊಸೊಮೊನಾಸ್‌ನ ಕೆಲಸವನ್ನು ನಿಧಾನ ಮಾಡುತ್ತದೆ. 2015ರಿಂದ ದೇಶದ ಯೂರಿಯಾಕ್ಕೆಲ್ಲ ಇದು ಕಡ್ಡಾಯ.

ಹೊಳೆಗೆ ಸೇರುವುದು ಗದ್ದೆಯದು ಮಾತ್ರ ಅಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ಗುರುತಿಸಿದ 351 ಮಲಿನ ನದಿ ಭಾಗಗಳಲ್ಲಿ ನಂಜನಗೂಡಿನಿಂದ ಹೆಜ್ಜಿಗೆವರೆಗಿನ ಕಪಿಲೆಯೂ ಇತ್ತು. ಆ ಪಟ್ಟಿ ಬಿಒಡಿ ಅಳತೆಯದು, ಸಾರಜನಕದ್ದಲ್ಲ. ಆದರೆ ಬಿಒಡಿ ಏರಿಸುವ ಚರಂಡಿ ನೀರಿನಲ್ಲಿ ಅಮೋನಿಯವೂ ಇರುತ್ತದೆ. ದಡದ ಜೊಂಡು ಕಿತ್ತು ಕಾಂಕ್ರೀಟ್ ಹಾಕಿದಲ್ಲಿ ಅದನ್ನು ಅರಗಿಸಲು ಕೆಸರೂ ಉಳಿದಿರುವುದಿಲ್ಲ.

ರೈತರು ಯಾಕೆ ಹೆಚ್ಚು ಹಾಕುತ್ತಾರೆ? ನನ್ನ ಪ್ರಕಾರ ಉತ್ತರ ಬೆಲೆಯಲ್ಲಿದೆ. ಸಬ್ಸಿಡಿಯಿಂದಾಗಿ ಯೂರಿಯಾ ಚೀಲ ಸುಮಾರು 267 ರೂಪಾಯಿ, ಡಿಎಪಿ 1,350. ಕಡಿಮೆ ಬೆಲೆಯದನ್ನು ಜಾಸ್ತಿ ಬಳಸುವುದು ಎಕನಾಮಿಕ್ಸ್‌ನ ಮೊದಲ ಪಾಠ. ಆದರೆ ಸಾರಜನಕ ಹೆಚ್ಚಾದ ಪೈರಿಗೆ ಬೆಂಕಿ ರೋಗ, ಕಂದು ಜಿಗಿಹುಳು ಬೇಗ ತಗಲುತ್ತವೆ. ಹೋದ ವರ್ಷ ಮಾಮು ಔಷಧಿಗೆ ಕೊಟ್ಟ ಹಣ ಯೂರಿಯಾಕ್ಕೆ ಕೊಟ್ಟದ್ದರ ಮೂರು ಪಟ್ಟು.

“ಬೇಟಾ, ಪೈರು ಕಪ್ಪಗೆ ಕಾಣದಿದ್ದರೆ ಗದ್ದೆ ಯಜಮಾನರು ಮುಂದಿನ ಸಲ ಬೇರೆಯವರಿಗೆ ಕೊಡ್ತಾರೆ” ಎನ್ನುವುದು ಅವರ ಭಯ. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಕೊನೆಗೆ ಮಣ್ಣು ಪರೀಕ್ಷೆಗೆ ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ ಬರಲು ಒಪ್ಪಿದ್ದಾರೆ. ಈ ಸಲ ರಸ್ತೆ ಕಡೆಯ ಎಕರೆಗೆ ಮೂರು ಚೀಲ, ಒಳಗಿನದಕ್ಕೆ ಎರಡೇ, ಅದೂ ಮೂರು ಕಂತಿನಲ್ಲಿ. ಕಟಾವು ಡಿಸೆಂಬರ್‌ನಲ್ಲಿ.