ಮಾತು ನಿಂತಾಗ ಮಾತನಾಡುವವರಾರು?

ಪರಸ್ಥಳದಲ್ಲಿ ನೆಲೆಸಿದ ಕನ್ನಡಿಗನು ಬಾಳಿನ ಅನೇಕ ವಿಷಯಗಳಲ್ಲಿ ಮುಂದಾಲೋಚನೆಯುಳ್ಳವನು. ಮಕ್ಕಳ ವಿದ್ಯಾಭ್ಯಾಸ, ಮದುವೆ, ಊರಿನಲ್ಲೊಂದು ಮನೆ, ಜೀವವಿಮೆ ಇವೆಲ್ಲಕ್ಕೂ ವರ್ಷಗಳ ಮೊದಲೇ ವ್ಯವಸ್ಥೆ ಮಾಡುತ್ತಾನೆ. ತನ್ನ ಕಾಲಾನಂತರದ ಆಸ್ತಿಹಂಚಿಕೆಗಾಗಿ ಉಯಿಲನ್ನೂ ಬರೆದಿಡುತ್ತಾನೆ. ಆದರೆ ಆರೋಗ್ಯಕ್ಕೂ ಮರಣಕ್ಕೂ ನಡುವೆ ಇನ್ನೊಂದು ಸ್ಥಿತಿಯುಂಟು. ಪಾರ್ಶ್ವವಾಯು, ತಲೆಗೆ ಬಿದ್ದ ಪೆಟ್ಟು, ಮಿದುಳಿನ ರಕ್ತಸ್ರಾವ, ವೃದ್ಧಾಪ್ಯದ ಮರೆವಿನ ರೋಗ ಇವುಗಳಿಂದ ಮನುಷ್ಯನು ಬದುಕಿದ್ದೂ ತನ್ನ ಇಷ್ಟಾನಿಷ್ಟಗಳನ್ನು ಹೇಳಲಾರದವನಾಗುತ್ತಾನೆ. ಆಗ ತನ್ನ ಪರವಾಗಿ ಮಾತನಾಡತಕ್ಕವರು ಯಾರೆಂಬುದನ್ನು ಬರೆದಿಟ್ಟವರು ವಿರಳ.

ಈ ಪ್ರಶ್ನೆ ಹುಟ್ಟೂರಿನಲ್ಲಿರುವವರಿಗಿಂತ ವಲಸೆ ಬಂದವರಿಗೆ ಹೆಚ್ಚು ಕಠಿಣವಾದುದು. ವೃದ್ಧ ದಂಪತಿಗಳು ವಿಶಾಖಪಟ್ಟಣದಲ್ಲಿ, ಮಗ ವಿಜಯವಾಡದಲ್ಲಿ, ಮಗಳು ಹುಬ್ಬಳ್ಳಿಯಲ್ಲಿ, ಅಣ್ಣತಮ್ಮಂದಿರು ಕುಂದಾಪುರದಲ್ಲಿ ಇದ್ದಾರೆಂದು ಭಾವಿಸಬಹುದು. ವಿಶಾಖಪಟ್ಟಣಕ್ಕೂ ವಿಜಯವಾಡಕ್ಕೂ ನಡುವಣ ಅಂತರವೇ ಸುಮಾರು 350 ಕಿಲೋಮೀಟರು. ಯಜಮಾನರು ಪ್ರಜ್ಞೆತಪ್ಪಿ ಆಸ್ಪತ್ರೆ ಸೇರಿದ ರಾತ್ರಿ ವೈದ್ಯರು ಸಮ್ಮತಿ ಕೇಳುವುದು ಎದುರಿಗಿರುವವರನ್ನು. ದೂರದಿಂದ ಬಂದ ಬಂಧುಗಳಲ್ಲಿ ಒಬ್ಬರು ಒಂದು ಹೇಳಿದರೆ ಇನ್ನೊಬ್ಬರು ಮತ್ತೊಂದು ಹೇಳುವರು. ಎಲ್ಲರದೂ ಪ್ರೀತಿಯೇ ಸರಿ; ಆದರೆ ರೋಗಿಯ ಮನಸ್ಸು ಮಾತ್ರ ಯಾರಿಗೂ ತಿಳಿಯದು.

ಈ ವಿಷಯದಲ್ಲಿ ಭಾರತದ ಕಾನೂನು ಕಣ್ತೆರೆಯಲು ಕನ್ನಡನಾಡಿನ ಹೆಣ್ಣುಮಗಳೊಬ್ಬಳ ದುರಂತವೇ ಕಾರಣವಾಯಿತು. ಹೊನ್ನಾವರ ತಾಲೂಕಿನ ಹಳದೀಪುರದ ಅರುಣಾ ಶಾನಭಾಗ ಅವರು ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದರು. 1973ರ ನವೆಂಬರ್ 27ರಂದು ನಡೆದ ಬರ್ಬರ ಹಲ್ಲೆಯಲ್ಲಿ ಕತ್ತು ಬಿಗಿಯಲ್ಪಟ್ಟು ಮಿದುಳಿಗೆ ಪ್ರಾಣವಾಯು ತಪ್ಪಿತು. ಅಂದಿನಿಂದ 2015ರ ಮೇ 18ರವರೆಗೆ, ನಾಲ್ವತ್ತೊಂದು ವರ್ಷಗಳಿಗೂ ಮಿಕ್ಕಿ, ಅವರು ಅದೇ ಆಸ್ಪತ್ರೆಯ ಹಾಸಿಗೆಯಲ್ಲಿದ್ದರು. ಕೃತಕ ಆಹಾರವನ್ನು ನಿಲ್ಲಿಸಬೇಕೆಂದು ಅವರ ಕುರಿತು ಗ್ರಂಥ ಬರೆದ ಪಿಂಕಿ ವಿರಾನಿಯವರು ಸುಪ್ರೀಂ ಕೋರ್ಟಿನ ಮೊರೆಹೊಕ್ಕರು. ಅರುಣಾ ಬದುಕಿರಬೇಕೆಂಬುದು ಆಸ್ಪತ್ರೆಯ ಸಿಬ್ಬಂದಿಯ ಆಶಯವಾಗಿತ್ತು. ಅವರ ಆಪ್ತರೆನಿಸಿ ಮಾತನಾಡುವ ಹಕ್ಕು ಯಾರದು ಎಂಬುದನ್ನು ನ್ಯಾಯಾಲಯವೇ ನಿರ್ಣಯಿಸಬೇಕಾಯಿತು. ದಶಕಗಳ ಕಾಲ ಶುಶ್ರೂಷೆ ಮಾಡಿದ ಸಿಬ್ಬಂದಿಗೇ ಆ ಹಕ್ಕು ಎಂದು 2011ರ ಮಾರ್ಚ್ 7ರಂದು ತೀರ್ಪಾಯಿತು. ಇಪ್ಪತ್ತೈದರ ತಾರುಣ್ಯದಲ್ಲಿ ಮಾತು ಕಳೆದುಕೊಂಡ ಅರುಣಾ ತಾವೇನು ಬಯಸುತ್ತಿದ್ದರೆಂಬುದು ಮಾತ್ರ ಕೊನೆಯವರೆಗೂ ತಿಳಿಯಲಿಲ್ಲ.

2018ರ ಮಾರ್ಚ್ 9ರಂದು ಐವರು ನ್ಯಾಯಾಧೀಶರ ಪೀಠವು, ಪ್ರಾಪ್ತವಯಸ್ಕನಾದ ಯಾವನೇ ವ್ಯಕ್ತಿ ಸ್ವಸ್ಥಚಿತ್ತನಾಗಿರುವಾಗಲೇ ತನ್ನ ಮುಂದಿನ ಚಿಕಿತ್ಸೆಯ ಕುರಿತು ಲಿಖಿತ ನಿರ್ದೇಶನ ನೀಡಬಹುದೆಂದು ಸಾರಿತು. ಇದನ್ನೇ ಮುಂಗಡ ವೈದ್ಯಕೀಯ ನಿರ್ದೇಶನ ಅಥವಾ ಲಿವಿಂಗ್ ವಿಲ್ ಎನ್ನುವರು. ಮೊದಲು ಅದಕ್ಕೆ ಮ್ಯಾಜಿಸ್ಟ್ರೇಟರ ಸಹಿ ಬೇಕಾಗಿತ್ತು. 2023ರ ಜನವರಿ 24ರ ಆದೇಶದಿಂದ ಕ್ರಮವು ಸುಲಭವಾಗಿದೆ. ಇಬ್ಬರು ಸಾಕ್ಷಿಗಳ ಸಮಕ್ಷಮ ಸಹಿಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಮುಂದೆ ದೃಢೀಕರಿಸಿದರೆ ಸಾಕು. ತನ್ನ ಪರವಾಗಿ ಚಿಕಿತ್ಸೆಗೆ ಸಮ್ಮತಿಸುವ ಅಥವಾ ನಿರಾಕರಿಸುವ ಪಾಲಕರ ಇಲ್ಲವೆ ಸಮೀಪ ಬಂಧುಗಳ ಹೆಸರುಗಳನ್ನು ಅದರಲ್ಲಿ ಬರೆಯಬೇಕು. ಒಬ್ಬರಿಗಿಂತ ಹೆಚ್ಚು ಜನರನ್ನು ಹೆಸರಿಸಬಹುದು. ಇದರ ಪ್ರತಿ ಅವರ ಬಳಿಯೂ, ಮನೆವೈದ್ಯರಿದ್ದರೆ ಅವರ ಬಳಿಯೂ, ನಗರಪಾಲಿಕೆಯ ನಿಯುಕ್ತ ಅಧಿಕಾರಿಯ ಬಳಿಯೂ ಇರತಕ್ಕದ್ದು. ಮನಸ್ಸು ಬದಲಾದರೆ ಯಾವಾಗ ಬೇಕಾದರೂ ಲಿಖಿತವಾಗಿ ರದ್ದುಮಾಡಬಹುದು.

ಇಂಥ ಪತ್ರ ಬರೆದರೆ ವೈದ್ಯರು ಚಿಕಿತ್ಸೆಯನ್ನೇ ಕೊಡಲಾರರೆಂಬ ಭಯ ಹಲವರಿಗುಂಟು. ಅದು ನಿರಾಧಾರವಾದುದು. ಗುಣವಾಗುವ ರೋಗಕ್ಕೆ ಈ ಪತ್ರ ಅಡ್ಡಬರುವುದಿಲ್ಲ. ಚೇತರಿಕೆಯ ಆಸೆಯಿಲ್ಲದ ಸ್ಥಿತಿಯಲ್ಲಿ ಮಾತ್ರ ಅದು ಜಾರಿಗೆ ಬರುವುದು. ಆಗಲೂ ಆಸ್ಪತ್ರೆಯ ವೈದ್ಯಮಂಡಳಿಯೊಂದು, ಅನಂತರ ಎರಡನೆಯ ಮಂಡಳಿಯೊಂದು ರೋಗಿಯನ್ನು ಪರೀಕ್ಷಿಸಿ ಒಪ್ಪಬೇಕು. ಪತ್ರದಲ್ಲಿ ಹೆಸರಿಸಿದವರ ಸಮ್ಮತಿಯೂ ಬೇಕು. ಕರ್ನಾಟಕ ಸರಕಾರವು 2025ರ ಜನವರಿಯಲ್ಲಿ ಇದರ ಅನುಷ್ಠಾನಕ್ಕಾಗಿ ಸುತ್ತೋಲೆ ಹೊರಡಿಸಿತು. ಸುಪ್ರೀಂ ಕೋರ್ಟಿನ ಆದೇಶವಾದರೋ ಆಂಧ್ರಪ್ರದೇಶಕ್ಕೂ ಇಡೀ ದೇಶಕ್ಕೂ ಸಮನಾಗಿ ಅನ್ವಯಿಸುತ್ತದೆ.

ಹಣಕಾಸಿನ ವಿಷಯದಲ್ಲಿ ಇದಕ್ಕಿಂತ ದೊಡ್ಡದೊಂದು ತಪ್ಪುಕಲ್ಪನೆ ಮನೆಮನೆಯಲ್ಲೂ ಇದೆ. ಮಗನ ಹೆಸರಿಗೆ ಪವರ್ ಆಫ್ ಅಟಾರ್ನಿ ಬರೆದುಕೊಟ್ಟಿದೆ, ಚಿಂತೆಯಿಲ್ಲ ಎಂದು ಅನೇಕರು ನಂಬಿದ್ದಾರೆ. 1872ರ ಕರಾರು ಅಧಿನಿಯಮದ 201ನೆಯ ಕಲಮಿನ ಪ್ರಕಾರ, ಬರೆದುಕೊಟ್ಟವನು ಬುದ್ಧಿಸ್ವಾಧೀನ ತಪ್ಪಿದೊಡನೆ ಸಾಮಾನ್ಯವಾಗಿ ಆ ಅಧಿಕಾರವೂ ಮುಗಿಯುತ್ತದೆ. ಮಳೆ ಬಂದಾಗಲೇ ಮಡಚಿಕೊಳ್ಳುವ ಕೊಡೆ ಅದು! ಇಂಗ್ಲೆಂಡಿನಲ್ಲಿ 2005ರ ಶಾಸನದಂತೆ ಬುದ್ಧಿ ಮಸುಳಿದ ಮೇಲೂ ಉಳಿಯುವ ಅಧಿಕಾರಪತ್ರವುಂಟು, ಇಲ್ಲಿ ಅಂಥದಿಲ್ಲ. ಬ್ಯಾಂಕಿನ ನಾಮಿನಿಗೂ ಉಯಿಲಿಗೂ ಮರಣಾನಂತರವಷ್ಟೇ ಬೆಲೆ. ಆದಕಾರಣ ಪತಿಪತ್ನಿಯರು ಯಾರೊಬ್ಬರಾದರೂ ಹಣ ತೆಗೆಯಬಹುದಾದ ಜಂಟಿಖಾತೆಯನ್ನು ಇಟ್ಟುಕೊಳ್ಳುವುದು ಲೇಸು. ಅದೂ ಇಲ್ಲದಿದ್ದರೆ ಕುಟುಂಬದವರು ಪಾಲಕತ್ವ ಕೋರಿ ಹೈಕೋರ್ಟಿನ ಬಾಗಿಲು ತಟ್ಟಬೇಕಾದೀತು. ಮಾನಸಿಕ ಕಾಯಿಲೆಯ ಚಿಕಿತ್ಸೆಗೆ ಮಾತ್ರ 2017ರ ಮಾನಸಿಕ ಆರೋಗ್ಯಪಾಲನಾ ಅಧಿನಿಯಮದಲ್ಲಿ ಪ್ರತಿನಿಧಿಯನ್ನು ನೇಮಿಸಿಕೊಳ್ಳುವ ಬೇರೆಯೇ ಅವಕಾಶವಿದೆ.

ಪ್ರತಿನಿಧಿಯ ಆಯ್ಕೆಯಲ್ಲಿ ಹಿರಿತನವಾಗಲಿ ಗಂಡುಹೆಣ್ಣೆಂಬ ಭೇದವಾಗಲಿ ಮುಖ್ಯವಲ್ಲ. ಬೇಗ ಬಂದು ತಲುಪಬಲ್ಲವರು, ವೈದ್ಯರೊಡನೆ ಧೈರ್ಯವಾಗಿ ಮಾತನಾಡಬಲ್ಲವರು, ತಮ್ಮ ದುಃಖವನ್ನು ಬದಿಗಿಟ್ಟು ರೋಗಿಯ ಇಚ್ಛೆಯನ್ನು ನಡೆಸಬಲ್ಲವರು ಯೋಗ್ಯರು. ಒಬ್ಬರು ಸಮೀಪದಲ್ಲಿರುವವರಾದರೆ ಉತ್ತಮ. ಇನ್ನೊಂದು ಸೂಕ್ಷ್ಮವನ್ನೂ ಮರೆಯಲಾಗದು: ಕನ್ನಡದಲ್ಲಷ್ಟೇ ಬರೆದ ಪತ್ರವನ್ನು ವಿಶಾಖಪಟ್ಟಣದ ಅಥವಾ ವಿಜಯವಾಡದ ವೈದ್ಯರು ಓದಲಾರರು. ಮನಸ್ಸನ್ನು ಕನ್ನಡದಲ್ಲಿ ತೋಡಿಕೊಂಡರೂ ಪತ್ರವು ಇಂಗ್ಲಿಷಿನಲ್ಲೋ ತೆಲುಗಿನಲ್ಲೋ ಇರುವುದು ಕ್ಷೇಮ. ಕರಡನ್ನು ವಕೀಲರಿಗೂ ವೈದ್ಯರಿಗೂ ತೋರಿಸುವುದು ಒಳ್ಳೆಯದು.

ಇಂಥ ಮಾತು ಮನೆಯಲ್ಲಿ ಅಶುಭವೆಂದು ಹಿರಿಯರು ತಡೆಯುವುದುಂಟು. ಮಾತು ಆಡದೆ ಉಳಿದರೆ ಅದರ ಭಾರವನ್ನು ಹೊರುವವರು ಮಕ್ಕಳು. ತಾವು ಮಾಡಿದ್ದು ಸರಿಯೋ ತಪ್ಪೋ ಎಂದು ಅವರು ಜೀವಮಾನವಿಡೀ ಕೊರಗಬೇಕಾದೀತು. ಆರೋಗ್ಯವಿರುವಾಗ, ಮಕ್ಕಳು ರಜೆಗೆ ಬಂದು ಎಲ್ಲರೂ ಒಟ್ಟಿಗೆ ಕುಳಿತಿರುವಾಗ ಈ ಮಾತನ್ನೆತ್ತಿ, ಒಂದು ಹಾಳೆಯಲ್ಲಿ ಬರೆದಿಡುವುದು ಹಿರಿಯರು ಕಿರಿಯರಿಗೆ ಮಾಡಬಹುದಾದ ದೊಡ್ಡ ಉಪಕಾರ.