ಎಡ ಅಂಚು ಮೇಲಿರಲಿ

ಕ್ಯೋಟೋ ನಗರದ ಒಂದು ಹಳೆಯ ವಸತಿಗೃಹದಲ್ಲಿ ಮೊದಲ ಸಂಜೆ ಸ್ನಾನ ಮುಗಿಸಿ, ಅವರೇ ಕೊಟ್ಟಿದ್ದ ‘ಯುಕತಾ’ ಎಂಬ ಹತ್ತಿಯ ನಿಲುವಂಗಿಯನ್ನು ಸುತ್ತಿಕೊಂಡು ಊಟಕ್ಕೆ ಹೊರಟೆ. ಎದುರಾದ ಯಜಮಾನಿತಿ ನನ್ನನ್ನು ಕಂಡೊಡನೆ ಒಂದು ಕ್ಷಣ ನಿಂತರು. ಆಮೇಲೆ ತಲೆಬಾಗಿ, ನಸುನಕ್ಕು, ತಮ್ಮ ಉಡುಪಿನ ಎಡ ಅಂಚನ್ನು ಬೆರಳಿನಿಂದ ತೋರಿಸಿದರು. ನನಗೇನೂ ಹೊಳೆಯಲಿಲ್ಲ. ಕೊಠಡಿಗೆ ಮರಳಿ, ಅಲ್ಲಿಟ್ಟಿದ್ದ ಚಿತ್ರಸಹಿತವಾದ ಸೂಚನೆಯನ್ನು ನೋಡಿದಾಗ ಮೈ ಬೆವರಿತು. ಗಂಡಸಾಗಲಿ ಹೆಂಗಸಾಗಲಿ, ಬಲ ಅಂಚು ಒಳಗೆ, ಎಡ ಅಂಚು ಮೇಲೆ. ಬದುಕಿರುವವರು ಉಡುವ ಕ್ರಮವಿದು. ಇದಕ್ಕೆ ವಿಪರೀತವಾಗಿ ಉಡಿಸುವುದು ಶವಕ್ಕೆ! ಶ್ರಾದ್ಧದಲ್ಲಿ ಜನಿವಾರವನ್ನು ಅಪಸವ್ಯ ಮಾಡಿಕೊಳ್ಳುವುದನ್ನು ಕಂಡು ಬೆಳೆದ ನನಗೆ ಬೇರೆ ವಿವರಣೆ ಬೇಕಾಗಲಿಲ್ಲ.

ಪಾದರಕ್ಷೆಯ ವಿಷಯದಲ್ಲಿ ನಮ್ಮವರಿಗೆ ಅಷ್ಟು ಕಷ್ಟವಿಲ್ಲ. ಹೊಸ್ತಿಲಲ್ಲಿ ಬಿಡುವುದು ನಮಗೂ ವಾಡಿಕೆಯೇ. ಆದರೆ ಒಳಗೆ ಕೊಡುವ ಚಪ್ಪಲಿಯನ್ನೂ ‘ತತಾಮಿ’ ಚಾಪೆಯ ಮೇಲೆ ಮೆಟ್ಟಕೂಡದು. ಶೌಚಗೃಹದ ಚಪ್ಪಲಿಯೇ ಬೇರೆ, ಅದು ಅಲ್ಲಿಂದ ಹೊರಗೆ ಬರಲಾಗದು. ತೂತು ಬಿದ್ದ ಕಾಲುಚೀಲವನ್ನು ಊರಿನಲ್ಲಿಯೇ ಬಿಟ್ಟು ಹೊರಡುವುದು ಲೇಸು.

ಉಡುಪಿನ ತಪ್ಪಿಗೆ ನಸುನಗೆಯ ಕ್ಷಮೆ ದೊರೆಯಿತು. ಕ್ಯಾಮರಾದ ತಪ್ಪು ಅಷ್ಟು ಹಗುರವಾದುದಲ್ಲ. ಕ್ಯೋಟೋದ ಗಿಯೋನ್ ಬಡಾವಣೆಯಲ್ಲಿ ಸಂಜೆಯ ಹೊತ್ತು ‘ಗೇಯ್ಕೋ’, ‘ಮಾಯ್ಕೋ’ ಎಂಬ ಕಲಾವಿದೆಯರು ಚಹಾಗೃಹಗಳಿಗೆ ಲಗುಬಗೆಯಿಂದ ನಡೆದುಹೋಗುತ್ತಾರೆ. ಅವರು ಹೊರಟಿರುವುದು ಕೆಲಸಕ್ಕೆ, ಪ್ರದರ್ಶನಕ್ಕಲ್ಲ. ಪ್ರವಾಸಿಗಳು ದಾರಿಗಡ್ಡ ನಿಂತು, ಬೆನ್ನಟ್ಟಿ, ತೋಳು ಹಿಡಿದೆಳೆದು ಚಿತ್ರ ತೆಗೆಯತೊಡಗಿದ್ದರಿಂದ ನಿವಾಸಿಗಳು ರೋಸಿಹೋದರು. 1919ರಲ್ಲಲ್ಲ, ನಮ್ಮ ಕಾಲದ 2019ರಲ್ಲಿ, ಅಲ್ಲಿಯ ಖಾಸಗಿ ಓಣಿಗಳಲ್ಲಿ ಚಿತ್ರ ತೆಗೆದರೆ 10,000 ಯೆನ್ ದಂಡವೆಂದು ಫಲಕಗಳನ್ನು ನೆಟ್ಟರು. 2024ರಲ್ಲಿ ಕೆಲವು ಓಣಿಗಳಿಗೆ ಪ್ರವಾಸಿಗಳ ಪ್ರವೇಶವನ್ನೇ ನಿಷೇಧಿಸಿದರು.

ಇದನ್ನೆಲ್ಲ ತಿಳಿದೂ ಶಿರಕಾವಾ-ಗೋ ಗ್ರಾಮದಲ್ಲಿ ನಾನು ಎಡವಿದೆ. ಅಂಜಲಿ ಜೋಡಿಸಿದಂತೆ ಕಡಿದಾಗಿ ಇಳಿದ ಹುಲ್ಲುಚಾವಣಿಯ ಮನೆಗಳು ಅಲ್ಲಿವೆ. 1995ರಲ್ಲಿ ಯುನೆಸ್ಕೋ ಅವುಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ನೋಡುವವರಿಗೆ ವಸ್ತುಸಂಗ್ರಹಾಲಯದಂತಿದ್ದರೂ ಅವುಗಳಲ್ಲಿ ಇಂದಿಗೂ ಸಂಸಾರಗಳು ವಾಸಿಸುತ್ತಿವೆ. ಹಿತ್ತಿಲಲ್ಲಿ ಮೂಲಂಗಿ ಕೀಳುತ್ತಿದ್ದ ವೃದ್ಧರೊಬ್ಬರ ಕಡೆಗೆ ಕ್ಯಾಮರಾ ಎತ್ತಿದೆ. ಅವರು ಎದೆಯ ಮುಂದೆ ಎರಡು ತೋಳುಗಳನ್ನೂ ಕತ್ತರಿಯಾಗಿ ಹಿಡಿದರು. ‘ಬೇಡ’ ಎಂಬುದಕ್ಕೆ ಅಲ್ಲಿಯ ಸಂಜ್ಞೆ ಅದು. ನಾಚಿ ಕ್ಯಾಮರಾ ಇಳಿಸಿ, ಮೊದಲೇ ಕೇಳಬೇಕಾಗಿದ್ದ ಮಾತನ್ನು ಆಗ ಕೇಳಿದೆ: “ಶಾಶಿನ್, ಈ ದೆಸ್ ಕಾ?” ಚಿತ್ರ ತೆಗೆಯಬಹುದೇ ಎಂದು ಅದರರ್ಥ. ಅವರು ಸ್ವಲ್ಪ ಯೋಚಿಸಿ ಚಾವಣಿಯ ಕಡೆಗೆ ಕೈ ತೋರಿಸಿದರು. ಮೂಲಂಗಿಯ ಬುಟ್ಟಿಯನ್ನೆತ್ತಿಕೊಂಡು ತಾವು ಮರೆಗೆ ಸರಿದು, ನಾನು ಮುಗಿಸುವವರೆಗೂ ಅಲ್ಲಿಯೇ ಕಾದು ನಿಂತರು.